ಹೋಗುವ ಮುನ್ನ ಫೈಲ್ ಸರಿಮಾಡಿಕೊಳ್ಳಿ

ಮನೆಯಲ್ಲೇ, ಮಕ್ಕಳು ಮೊಮ್ಮಕ್ಕಳ ನಡುವೆ, ಬಾಯಿಗೆ ಗಂಗಾಜಲ ಬಿಡಿಸಿಕೊಂಡು ಪ್ರಾಣ ಬಿಡಬೇಕೆಂದು ಆಸೆಪಡುವ ಬೆಂಗಳೂರಿನ ಹಿರಿಯರು ದಯವಿಟ್ಟು ಇನ್ನೊಮ್ಮೆ ಯೋಚಿಸಬೇಕು. ಅದು ಅಪರಾಧವೇನಲ್ಲ. ಆದರೆ ಅದಕ್ಕೆ ಫಾರಂ 4ಎ ಬೇಕು.

ಆಸ್ಪತ್ರೆಯಲ್ಲಿ ಹೋದರೆ ಚಿಂತೆಯಿಲ್ಲ, ಬಿಲ್ ಚುಕ್ತಾ ಆದ ಮೇಲೆ ಸಾವಿನ ಕಾರಣ ಬರೆದ ಫಾರಂ 4 ಅವರೇ ಕೊಡುತ್ತಾರೆ. ಮನೆಯಲ್ಲಿ ಹೋದರೆ, ಕೊನೆಯ ಕಾಯಿಲೆಗೆ ಔಷಧಿ ಕೊಡುತ್ತಿದ್ದ ಡಾಕ್ಟರು ಸಾವಿನ ಕಾರಣ ಬರೆದು 4ಎಗೆ ಸಹಿ ಹಾಕಬೇಕು. ಹಿಂದೆ ಬೀದಿಗೊಬ್ಬ ಡಾಕ್ಟರಿದ್ದರು. ಬಂದು ನಾಡಿ ಹಿಡಿದು, ಕನ್ನಡಕ ತೆಗೆದು, ತಲೆಯಾಡಿಸಿದರೆ ಮುಗಿಯಿತು. ಈಗಿನ ಡಾಕ್ಟರು ಫೋನಿನೊಳಗಿದ್ದಾರೆ. ಬಿ.ಪಿ. ಮಾತ್ರೆ ಬರೆದುಕೊಡುತ್ತಾರೆ, ಸಾವು ಬರೆದುಕೊಡುವುದಿಲ್ಲ.

ಗಾಬರಿಯಲ್ಲಿ ದೇಹವನ್ನು ಆಂಬುಲೆನ್ಸಿಗೆ ಹಾಕಿ ದೊಡ್ಡಾಸ್ಪತ್ರೆಗೆ ಒಯ್ದಿರೋ, ಕೆಟ್ಟಿರಿ. ‘ಬ್ರಾಟ್ ಡೆಡ್’, ಅಂದರೆ ತರುವಾಗಲೇ ಜೀವ ಇರಲಿಲ್ಲ ಎಂದು ಬರೆಯುತ್ತಾರೆ. ಕಾರಣ ತಿಳಿಯದಿದ್ದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸ್ ಆಗುತ್ತದೆ, ಠಾಣೆಗೆ ಸುದ್ದಿ ಹೋಗುತ್ತದೆ, ಪಂಚನಾಮೆ, ಶವಾಗಾರ, ಮರಣೋತ್ತರ ಪರೀಕ್ಷೆ. ಎಂಬತ್ತೇಳು ವರ್ಷದ ತಾತ ಹೋದದ್ದಕ್ಕೆ ಯಾರ ಮೇಲಾದರೂ ಅನುಮಾನವಿದೆಯೇ ಎಂದು ಮಗನನ್ನು ಕೇಳುತ್ತಾರೆ. ಯಮನ ಮೇಲಿದೆ ಎಂದರೆ ವಿಳಾಸ ಕೇಳಿಯಾರು. ಆದ್ದರಿಂದ ಜಾಣರು ಹತ್ತಿರದ ಕ್ಲಿನಿಕ್ಕಿಗೆ ಆಗಾಗ ಹೋಗಿ ಮುಖ ತೋರಿಸಿ, ಹಳೆಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಇಡುತ್ತಾರೆ. ಗುರುತಿನ ಡಾಕ್ಟರಿದ್ದರೆ ಅರ್ಧ ಮುಕ್ತಿ ಸಿಕ್ಕ ಹಾಗೆ.

ಇನ್ನರ್ಧ ಹದಿನಾಲ್ಕನೇ ಮಹಡಿಯಿಂದ ಇಳಿಯುವುದರಲ್ಲಿದೆ. ಫ್ರೀಜರ್ ಬಾಕ್ಸ್ ಆರಡಿಗೂ ಉದ್ದ, ಆರು ಜನರ ಲಿಫ್ಟು ಅಷ್ಟು ಆಳವಿಲ್ಲ. ಗೇಟಿನ ಆ್ಯಪಿನಲ್ಲಿ ಡೆಲಿವರಿ, ಕ್ಯಾಬ್, ಅತಿಥಿ ಎಲ್ಲ ಉಂಟು, ಶವವಾಹನ ಇಲ್ಲ. ಸೆಕ್ಯುರಿಟಿಯವನು ಪಾಪ, ‘ಕ್ಯಾಬ್’ ಒತ್ತುತ್ತಾನೆ. ‘ನಿಮ್ಮ ಕ್ಯಾಬ್ ಬಂದಿದೆ’ ಎಂದು ಮೃತರ ಫೋನೇ ಗುಂಯ್‌ಗುಡುತ್ತದೆ. ವಾಟ್ಸಾಪ್ ಗುಂಪಿನ ಓಂ ಶಾಂತಿಗಳ ಸಾಲಿನ ನಡುವೆ ಒಬ್ಬರು ವಿಸಿಟರ್ ಪಾರ್ಕಿಂಗ್ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆಂದು ವಿಚಾರಿಸಿರುತ್ತಾರೆ.

ಹೂಳುವುದೋ ಸುಡುವುದೋ? ಮೊದಲೆಲ್ಲ ಇದನ್ನು ಕುಲಾಚಾರ ಹೇಳುತ್ತಿತ್ತು, ಈಗ ಚದರಡಿ ಹೇಳುತ್ತದೆ. ಲಿಂಗಾಯತರಿಗೆ ಕೂರಿಸಿ ಸಮಾಧಿ ಮಾಡಲು ಜಾಗ ಬೇಕು, ಮುಸ್ಲಿಮರಿಗೆ, ಕ್ರೈಸ್ತರಿಗೆ ಮಲಗಿಸಲು ಬೇಕು. ಹಳೆಯ ಸ್ಮಶಾನಗಳಲ್ಲಿ ಅಜ್ಜನ ಗುಂಡಿಯನ್ನೇ ಮತ್ತೆ ತೆರೆದು ಮೊಮ್ಮಗನನ್ನು ಇಳಿಸುವುದುಂಟು. ಹೊಸ ಬಡಾವಣೆಗಳ ಬ್ರೋಷರಿನಲ್ಲಿ ಈಜುಕೊಳ, ಕ್ಲಬ್‌ಹೌಸ್, ನಾಯಿಗಳಿಗೂ ಪಾರ್ಕು ಇರುತ್ತದೆ, ರುದ್ರಭೂಮಿ ಇರುವುದಿಲ್ಲ. ಅಲ್ಲಿ ಸೈಟು ಕೊಂಡವರು ಚಿರಂಜೀವಿಗಳು.

ಸುಡುವುದು ಸೌದೆಯಲ್ಲಾದರೆ ಮೂರ್ನಾಲ್ಕು ಕ್ವಿಂಟಲ್ ಬೇಕು, ಮೂಳೆ ಆರಿಸಲು ಮರುದಿನ ಬರಬೇಕು. ವಿಲ್ಸನ್ ಗಾರ್ಡನ್, ಬನಶಂಕರಿ, ಸುಮನಹಳ್ಳಿಯಂಥ ವಿದ್ಯುತ್ ಚಿತಾಗಾರದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತೆಗೆಸಿ, ಬಿಸಿಗೆ ಬ್ಯಾಟರಿ ಸಿಡಿಯುತ್ತದೆ. ಕಷ್ಟ ಬರುವುದು ಕುಲುಮೆಯಿಂದಲ್ಲ, ಪಂಚಾಂಗದಿಂದ. ರಾಹುಕಾಲ ಮುಗಿಯಲೆಂದು ಊರೆಲ್ಲ ಕಾದು, ಮುಗಿದೊಡನೆ ಐದು ವಾಹನ ಒಟ್ಟಿಗೆ ಬರುತ್ತವೆ. ಕುಲುಮೆ ಎರಡು, ಅದರಲ್ಲಿ ಒಂದರ ಕಾಯಿಲ್ ಸುಟ್ಟಿರುತ್ತದೆ. 2021ರ ಮೇ ತಿಂಗಳಲ್ಲಿ ಚಾಮರಾಜಪೇಟೆಯ ಸ್ಮಶಾನದ ಗೇಟಿಗೆ ‘ಹೌಸ್‌ಫುಲ್’ ಬೋರ್ಡು ತೂಗಿದ್ದ ನಗರವಿದು, ನಾಚಿಕೆಯೆಲ್ಲ ಆಗಲೇ ಖರ್ಚಾಗಿದೆ.

ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಸ್ಕೂಟರಿನಲ್ಲಿ ಹೊರಟೀರಿ, ಜೋಕೆ. 2023ರ ಆಗಸ್ಟ್ 1ರಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ ಬರುವಂತಿಲ್ಲ. ತಾತ ಸರ್ವೀಸ್ ರಸ್ತೆಯಲ್ಲೇ ಸದ್ಗತಿ ಪಡೆಯಬೇಕು.

ಬಳಿಕ ಮರಣ ಪ್ರಮಾಣಪತ್ರ. 21 ದಿನದೊಳಗೆ ನೋಂದಾಯಿಸಿದರೆ ದಂಡವಿಲ್ಲ. 2025ರ ಸೆಪ್ಟೆಂಬರಿನಿಂದ ಊರಿಗೆ ಐದು ಪಾಲಿಕೆ. ಮನೆ ದಕ್ಷಿಣದ್ದು, ಆಸ್ಪತ್ರೆ ಕೇಂದ್ರದ್ದು, ಸುಟ್ಟದ್ದು ಪಶ್ಚಿಮದಲ್ಲಿ ಎಂದಾದರೆ, ಪ್ರಾಣ ಹೋದ ಜಾಗ ಯಾರದೋ ಅವರ ಬಳಿ ಹೋಗಬೇಕು. ಹೆಸರಿನ ಅಕ್ಷರಗಳನ್ನು ಮೃತರ ಆಧಾರ್ ಪಕ್ಕದಲ್ಲಿಟ್ಟು ಒಂದೊಂದೇ ನೋಡಿ. ಇನಿಶಿಯಲ್ ಹಿಂದುಮುಂದಾದರೂ ವಿಮೆ, ಪಿಂಚಣಿ, ಖಾತೆ ಮೂರೂ ನಿಲ್ಲುತ್ತವೆ. ತಿದ್ದಲು ಅರ್ಜಿ, ಅಫಿಡವಿಟ್, ಮತ್ತೆ ಸಾಲು. ಅಂದಹಾಗೆ, ಬ್ಯಾಂಕಿನ ಒಟಿಪಿಗಳು ಇನ್ನೂ ತಾತನ ನಂಬರಿಗೇ ಬರುತ್ತಿರುತ್ತವೆ. ತಿಥಿ ತಪ್ಪಿದರೂ ಅವರ ಸಿಮ್ಮಿಗೆ ರೀಚಾರ್ಜ್ ತಪ್ಪಿಸಬೇಡಿ.