ಬಸಿದ ನೀರು ಚೆಲ್ಲುವ ಮುನ್ನ

ಕಳೆದ ವಾರ ಒಂದು ಸಂಜೆ ಮಳೆಯಲ್ಲಿ ಸಿಕ್ಕಿಕೊಂಡು ಮನೆ ಸೇರುವಷ್ಟರಲ್ಲಿ ಎಂಟೂವರೆ ದಾಟಿತ್ತು. ಫ್ರಿಜ್ಜಿನಲ್ಲಿ ಬಾಡಿದ ಅರ್ಧ ಎಲೆಕೋಸು ಬಿಟ್ಟರೆ ತರಕಾರಿ ಇರಲಿಲ್ಲ. "ಅಡುಗೆಗೆ ಏನೂ ಇಲ್ಲ" ಎಂದು ತೀರ್ಪು ಕೊಟ್ಟವನು ನಾನೇ. ಊಟ ತರಿಸುವ ಆ್ಯಪ್ ತೆರೆದರೆ ಮಳೆಯ ಕಾರಣ ಐವತ್ತೈದು ನಿಮಿಷ ಎಂದಿತು. ಅಷ್ಟರಲ್ಲಿ ಕರೆಂಟೂ ಹೋಯಿತು.

ಮೊಬೈಲಿನ ಬೆಳಕಿನಲ್ಲಿ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಹೆಸರುಕಾಳು, ರಾಗಿ ಹಿಟ್ಟು, ಒಣಮೆಣಸಿನಕಾಯಿ, ಕಾಳುಮೆಣಸು, ಜೀರಿಗೆ, ಹುಣಸೆಹಣ್ಣು ಸಿಕ್ಕವು. ಬುಟ್ಟಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಂದು ಹೋಳು ತೆಂಗಿನಕಾಯಿ ಇದ್ದವು. ಮಂಡ್ಯದ ಕಡೆ ಹುಟ್ಟಿ ಬೆಳೆದವನಿಗೆ ಇಷ್ಟನ್ನು ಕಂಡ ಮೇಲೂ ಉಪ್ಸಾರು, ಮುದ್ದೆ ನೆನಪಾಗದಿದ್ದರೆ ತಪ್ಪು ಡಬ್ಬಿಗಳದಲ್ಲ.

ತರಕಾರಿ ಇದ್ದರೆ ಮಾತ್ರ ಅಡುಗೆ ಎಂಬ ಲೆಕ್ಕ ನಮ್ಮ ಬಯಲುಸೀಮೆಯ ಅಡುಗೆಮನೆಯದ್ದಲ್ಲ. ಮಳೆಯನ್ನು ನಂಬಿದ ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿತ್ತುತ್ತಿದ್ದರು. ಮುದ್ದೆಯೂ ಅದಕ್ಕೆ ಬೇಕಾದ ಸಾರಿನ ಕಾಳೂ ಒಂದೇ ಹೊಲದಿಂದ ಬಂದು, ಒಣಗಿ, ವರ್ಷವಿಡೀ ಮನೆಯಲ್ಲಿರುತ್ತಿದ್ದವು. ಸೊಪ್ಪು, ತರಕಾರಿ ಸಿಕ್ಕಿದ ದಿನ ಅದೇ ಪಾತ್ರೆಗೆ ಸೇರುತ್ತಿದ್ದವು. ಸಿಗದ ದಿನ ಯಾರೂ "ಏನೂ ಇಲ್ಲ" ಎನ್ನುತ್ತಿರಲಿಲ್ಲ. ಇಪ್ಪತ್ತು ಸಾಮಾನಿನ ಪಟ್ಟಿಯೊಂದಿಗೆ ಶುರುವಾಗುವ ಇಂದಿನ ಅಡುಗೆ ವಿಡಿಯೋಗಳು ನಮ್ಮ ಕೈ ಕಟ್ಟಿಹಾಕಿವೆ ಎಂದೇ ನನ್ನ ಅಭಿಪ್ರಾಯ. ಒಂದು ಸಾಮಾನು ಇಲ್ಲದಿದ್ದರೆ ಅಡುಗೆಯನ್ನೇ ಕೈಬಿಡುವುದನ್ನು ನಾವು ಅವುಗಳಿಂದ ಕಲಿತಿದ್ದೇವೆ.

ಹುರಳಿಯಾಗಿದ್ದರೆ ಹಿಂದಿನ ರಾತ್ರಿಯೇ ನೆನೆಹಾಕಬೇಕಿತ್ತು. ಹೆಸರುಕಾಳಿಗೆ ಆ ಮುಂದಾಲೋಚನೆ ಬೇಕಿಲ್ಲ. ಒಂದು ಲೋಟ ಕಾಳಿಗೆ ಐದು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿದೆ. ಹುಳಿಯನ್ನು ಮಾತ್ರ ಮೊದಲೇ ಹಾಕಬಾರದು; ಹಾಕಿದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಬೆಂದ ಕಾಳನ್ನು ಬಸಿದಾಗ ಕೆಳಗಿನ ಪಾತ್ರೆಗೆ ಇಳಿಯುವ ಮಂದವಾದ ನೀರಿಗೆ ನಮ್ಮಲ್ಲಿ ಕಟ್ಟು ಎನ್ನುತ್ತಾರೆ. ಇಡೀ ಊಟ ನಿಂತಿರುವುದು ಅದರ ಮೇಲೆ. ಕಟ್ಟಿಗೆ ಉಪ್ಪು ಹಾಕಿ ಒಂದು ಕುದಿ ಬರಿಸಿದರೆ ಉಪ್ಸಾರು. ಕಾಳಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಕಟ್ಟಿಗೆ ಮಸಾಲೆ ರುಬ್ಬಿ ಹಾಕಿದ್ದರೆ ಅದೇ ಬಸ್ಸಾರಾಗುತ್ತಿತ್ತು. ಆದರೆ ಮಿಕ್ಸಿ ಓಡಬೇಕಲ್ಲ!

ಉಪ್ಸಾರಿಗೆ ಮಿಕ್ಸಿಯ ಹಂಗಿಲ್ಲ. ಅದರ ಖಾರವನ್ನು ಕುಟ್ಟುವುದೇ ಸರಿ. ಎಂಟು ಒಣಮೆಣಸಿನಕಾಯಿಗಳನ್ನು ಒಲೆಯ ಮೇಲೆ ಅಲ್ಲಲ್ಲಿ ಕಪ್ಪಾಗುವವರೆಗೆ ಸುಟ್ಟು, ಹತ್ತು ಎಸಳು ಬೆಳ್ಳುಳ್ಳಿ, ಅರ್ಧರ್ಧ ಚಮಚ ಕಾಳುಮೆಣಸು ಮತ್ತು ಜೀರಿಗೆ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಕಲ್ಲುಪ್ಪು ಸೇರಿಸಿ ಕುಟ್ಟಾಣಿಯಲ್ಲಿ ಕುಟ್ಟಿದೆ. ಮೊದಲು ಮೆಣಸಿನಕಾಯಿಯ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು. ಬೆಳ್ಳುಳ್ಳಿ ಜಜ್ಜಿಹೋಗಿ ರಸ ಬಿಟ್ಟಾಗ ಎಲ್ಲರೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಈ ಖಾರವನ್ನು ಸಾರಿಗೆ ಬೆರೆಸದೆ ತಟ್ಟೆಯ ಅಂಚಿನಲ್ಲಿ ಬಡಿಸುವುದರಿಂದ ಒಂದೇ ಸಾರನ್ನು ಮಗಳು ಸಪ್ಪೆಯಾಗಿ, ನಾನು ಕಣ್ಣಲ್ಲಿ ನೀರು ಬರುವಷ್ಟು ಖಾರವಾಗಿ ಉಣ್ಣಬಹುದು.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲು ಹಾಕಿ, ನೀರು ಕುದಿ ಬಂದಾಗ ಉಳಿದದ್ದನ್ನು ನಡುವೆ ಗುಡ್ಡೆಯಾಗಿ ಸುರಿದು, ಸಣ್ಣ ಉರಿಯಲ್ಲಿ ಐದು ನಿಮಿಷ ಮುಟ್ಟದೆ ಬಿಡಬೇಕು. ಅವಸರಪಟ್ಟು ತಿರುವಿದರೆ ಗಂಟು ಖಂಡಿತ. ಒದ್ದೆ ಕೈಯಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ ಎಂದರ್ಥ. ರಾಗಿಯಲ್ಲಿ ನೂರು ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ ಎಂಬುದು ನಿಜ, ಆದರೆ ಆ ಹೊತ್ತಿನಲ್ಲಿ ನಾವು ಉಂಡದ್ದು ಅದಕ್ಕಾಗಿ ಅಲ್ಲ. ಎಲ್ಲವೂ ಸೇರಿ ಸುಮಾರು ನಲವತ್ತೈದು ನಿಮಿಷ ಹಿಡಿಯಿತು. ಆ್ಯಪಿನವರಿಗಿಂತ ಹತ್ತು ನಿಮಿಷ ಮೊದಲು.

ಇದು ನಮ್ಮ ಸೀಮೆಯೊಂದರ ಜಾಣತನವಲ್ಲ. ಉತ್ತರ ಕರ್ನಾಟಕದವರು ಕಡಲೆ ಹಿಟ್ಟಿನಲ್ಲಿ ಝುಣಕ ತಿರುವಿ ರೊಟ್ಟಿಯ ಜೊತೆ ಊಟ ಮುಗಿಸುತ್ತಾರೆ. ಮಲೆನಾಡಿನವರು ಅರ್ಧ ಚಮಚ ಮೆಂತ್ಯವನ್ನು ತುಪ್ಪದಲ್ಲಿ ಹುರಿದು ಕಾಯಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ.

ಇಲ್ಲಿ ಒಂದು ಮಾತು ಹೇಳದಿದ್ದರೆ ನಾನು ಅಪ್ರಾಮಾಣಿಕನಾಗುತ್ತೇನೆ. "ಏನೂ ಇಲ್ಲದಾಗಲೂ ನಮ್ಮವ್ವ ಹೊಟ್ಟೆತುಂಬ ಉಣಿಸುತ್ತಿದ್ದಳು" ಎಂದು ಕೊಂಡಾಡುವ ಗಂಡಸರಲ್ಲಿ ನಾನೂ ಒಬ್ಬ. ಡಬ್ಬಿಗಳಲ್ಲಿ ಏನು ಎಷ್ಟಿದೆ, ಯಾವ ಕಾಳಿಗೆ ಹುಳು ಬೀಳುತ್ತಿದೆ, ನಾಳೆಗೆ ಯಾವುದನ್ನು ನೆನೆಹಾಕಬೇಕು ಎಂಬ ಲೆಕ್ಕವನ್ನು ದಿನವೂ ತಲೆಯಲ್ಲಿ ಹೊತ್ತವಳು ಅವಳೊಬ್ಬಳೇ. ಹೊಗಳಿಕೆಯಲ್ಲಿ ಆ ದುಡಿಮೆ ಕಾಣುವುದಿಲ್ಲ. ದಣಿದು ಬಂದವರು ಹೊರಗಿನಿಂದ ಊಟ ತರಿಸಿದರೆ ನನ್ನ ಆಕ್ಷೇಪವಿಲ್ಲ. ಮನೆಯ ಡಬ್ಬಿಗಳಲ್ಲಿ ಏನಿದೆ ಎಂಬುದು ಒಬ್ಬರಿಗೆ ಮಾತ್ರ ಗೊತ್ತಿರುವುದರ ಬಗ್ಗೆ ನನ್ನ ಆಕ್ಷೇಪ.

ರಾತ್ರಿ ಊರಿಗೆ ಫೋನು ಮಾಡಿ ಸ್ವಲ್ಪ ಹೆಮ್ಮೆಯಿಂದಲೇ ವರದಿ ಒಪ್ಪಿಸಿದೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ಮೆಣಸಿನಕಾಯಿ ಯಾತರ ಮೇಲೆ ಸುಟ್ಟೆ?" ಎಂದಳು. ಗ್ಯಾಸ್ ಒಲೆಯ ಮೇಲೆ ಎಂದೆ.

"ಕೆಂಡದಲ್ಲಿ ಸುಡ್ಬೇಕು ಕಣಪ್ಪ. ಹೋಗ್ಲಿ ಬಿಡು, ಉಂಡ್ರಲ್ಲ."