ಓಮೋ ಕಣಿವೆ ಜನರ ಬಗ್ಗೆ ಇನ್ನೂ ಸ್ವಲ್ಪ ಬರೀಬೇಕಿತ್ತು
ಇಥಿಯೋಪಿಯಾ ಗೈಡೆಡ್ ಟೂರ್ ಬಗ್ಗೆ ತುಂಬಾ ಚೆನ್ನಾಗಿ ಬರ್ದಿದೀರಿ ಸರ್, ಬಂಡೆ ಚರ್ಚುಗಳ ಊರು ಲಾಲಿಬೆಲಾ ಭಾಗ ಅಂತೂ ಎರಡು ಸಲ ಓದ್ದೆ. 11 ಚರ್ಚು, ಒಂದನ್ನೂ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಲ್ಲ, ಎಲ್ಲಾ ಬಂಡೆಯಲ್ಲೇ ಕೊರೆದಿದ್ದು, ಅದ್ರಲ್ಲೂ ಬೇಟೆ ಗಿಯೋರ್ಗಿಸ್‌ದು ಶಿಲುಬೆ ಆಕಾರದ ಛಾವಣಿ ಇರೋದೇ ನೆಲದ ಮಟ್ಟಕ್ಕೆ, ಹತ್ರ ಹೋಗೋವರೆಗೂ ಅಲ್ಲೊಂದು ಚರ್ಚ್ ಇದೆ ಅಂತಾನೇ ಗೊತ್ತಾಗಲ್ಲ. ಆದ್ರೆ ಅದನ್ನ ಬರೀ ಹಳೇ ಸ್ಮಾರಕ ಅಂದಿದ್ದು ನಂಗೆ ಸರಿ ಅನ್ನಿಸ್ಲಿಲ್ಲ. ಇವತ್ತಿಗೂ ಅಲ್ಲಿ ಇಥಿಯೋಪಿಯಾದ ಪ್ರಾಚೀನ ಗೀಜ್ ಭಾಷೇಲಿ ಪ್ರಾರ್ಥನೆ ನಡೆಯುತ್ತೆ, ಜನವರಿ 7ರ ಗೆನ್ನಾ ಹಬ್ಬಕ್ಕೆ, ಅಂದ್ರೆ ಅವರ ಕ್ರಿಸ್ಮಸ್‌ಗೆ, ಬಿಳಿ ಬಟ್ಟೆ ಹೊದ್ದ ಯಾತ್ರಿಕರು ಎಷ್ಟೋ ದಿನ ನಡ್ಕೊಂಡು ಬರ್ತಾರೆ.

ಇನ್ನು ಓಮೋ ಕಣಿವೇಲಿರೋ ಮುರ್ಸಿ ಬುಡಕಟ್ಟಿನ ಹೆಂಗಸರು ಪ್ರತಿ ಫೋಟೋಗೂ ದುಡ್ಡು ಕೇಳ್ತಾರೆ ಅಂತ ಬೇಜಾರು ಮಾಡ್ಕೊಂಡಿದೀರಿ. ಓಮೋ ನದಿ ನೆರೆ ಇಳಿದ್ಮೇಲೆ ದಡದ ಹಸಿ ಮಣ್ಣಲ್ಲಿ ಜೋಳ ಬೆಳ್ಕೊಂಡಿದ್ದ ಜನ ಅವ್ರು, ಅದೇ ನದಿಗೆ ಕಟ್ಟಿ 2016ರಲ್ಲಿ ಉದ್ಘಾಟನೆ ಆದ ಗಿಬೆ 3 ಡ್ಯಾಮ್‌ನಿಂದ ಆ ನೆರೆನೇ ಹೋಯ್ತು, ಹೊಲಾನೂ ಹೋಯ್ತು. ಮುಖ ಅವರದ್ದು, ಕೇಳಿದ್ರೆ ತಪ್ಪೇನಿದೆ? ತಪ್ಪು ಅಂದ್ರೆ ಗಾಡಿ ನಿಲ್ಸಿ ಅರ್ಧ ಗಂಟೇಲಿ ಆ ಹೆಂಗಸರು ಕೆಳತುಟಿಗೆ ಹಾಕ್ಕೊಳ್ಳೋ ತಟ್ಟೆ ಫೋಟೋ ಹೊಡ್ಕೊಂಡು ಹೊರಡೋ ಪ್ಲಾನ್ ಮಾಡೋ ಟೂರ್‌ನೋರದ್ದು. ಅವರ ಭಾಷೆ ಬರೋ ಗೈಡ್ ಜೊತೆ ಒಂದು ರಾತ್ರಿ ಅಲ್ಲೇ ಉಳಿಯೋ ಹಾಗಿದ್ರೆ ಮಾತಾದ್ರೂ ಆಡಬಹುದು, ಮುಂದಿನ ಭಾಗದಲ್ಲಿ ದಯವಿಟ್ಟು ಇದನ್ನೂ ಬರೀರಿ.