ಓದೋಕೆ ಹೋಗಿದೀಯಾ, ತಿನ್ನೋಕೆ ಹೋಗಿದೀಯಾ?

ಇಟಲಿಯ ಬೊಲೋನ್ಯಾದಲ್ಲಿ ಮಾಸ್ಟರ್ಸ್ ಓದ್ತಿದೀನಿ. ಊಟದ ಫೋಟೋ ಹಾಕಿದಾಗೆಲ್ಲ ಫ್ಯಾಮಿಲಿ ಗ್ರೂಪಲ್ಲಿ ಈ ಪ್ರಶ್ನೆ ಗ್ಯಾರಂಟಿ. ದೊಡ್ಡಪ್ಪ ಕೇಳಿದ್ರೆ ಸುಮ್ನಿರ್ತೀನಿ, ಲೋನಿಗೆ ಶ್ಯೂರಿಟಿ ಹಾಕಿರೋದು ಅವ್ರೇ. ಆದ್ರೆ ಅದಕ್ಕಿಂತ ತಲೆ ತಿನ್ನೋರು ಅಂದ್ರೆ ಇಲ್ಲಿರೋ ನಮ್ಮ ಹುಡುಗ್ರು. "ಇನ್ನೂ ಪ್ಯಾರಿಸ್ ನೋಡಿಲ್ವಾ? ಆಮ್‌ಸ್ಟರ್‌ಡ್ಯಾಮ್ ಹೋಗಿಲ್ವಾ? ಮತ್ಯಾಕೆ ಮಾರಾಯ ಯೂರೋಪಿಗೆ ಬಂದೆ?" ಅಂತಾರೆ.

ಇವ್ರ ಕಥೆ ಹೇಗಪ್ಪಾ ಅಂದ್ರೆ, ವಾರ ಪೂರ್ತಿ ರೂಮಲ್ಲಿ ಅನ್ನ, ತಿಳಿಸಾರು, ಉಪ್ಪಿನಕಾಯಿ, ಹೊರಗಡೆ ಒಂದು ಕಾಫಿ ಕುಡಿಯೋಕೂ ಯೂರೋನ ನೂರರಿಂದ ಗುಣಿಸಿ "ಅಯ್ಯೋ ನೂರಮೂವತ್ತು ರೂಪಾಯಾ" ಅಂತ ವಾಪಸ್ ಬರೋದು, ಆಮೇಲೆ ಹಾಗೆ ಉಳಿಸಿದ್ದನ್ನೆಲ್ಲ ಒಂದು ಚೀಪ್ ಫ್ಲೈಟಿಗೆ ಸುರಿದು, ಬೆಳಗಿನ ಜಾವ ಏರ್‌ಪೋರ್ಟ್ ನೆಲದ ಮೇಲೆ ಮಲಗಿ, ಬ್ಯಾಗ್ ಎರಡಿಂಚು ಜಾಸ್ತಿ ಇದೆ ಅಂತ ದಂಡ ಕಟ್ಟಿ, ಐಫೆಲ್ ಟವರ್ ಮುಂದೆ ನಿದ್ದೆಗಣ್ಣಲ್ಲಿ ಸೆಲ್ಫಿ ತಗೊಂಡು ಬರೋದು. ಅಲ್ಲಿ ತಿಂದಿದ್ದೇನು ಅಂತ ಕೇಳಿ ನೋಡಿ, ಮೆಕ್‌ಡೊನಾಲ್ಡ್ಸ್!

ಹೋಗ್ಬೇಡಿ ಅಂತಿಲ್ಲ. ನೀವಿರೋ ಊರನ್ನ ಮೊದ್ಲು ತಿನ್ರಪ್ಪಾ ಅಂತಿದೀನಿ ಅಷ್ಟೆ. ಅದ್ರಲ್ಲೂ ಇದು ಬೊಲೋನ್ಯಾ! ಇಟಲಿಯವ್ರೇ ಈ ಊರಿಗೆ ಇಟ್ಟಿರೋ ಅಡ್ಡಹೆಸರಲ್ಲಿ ಒಂದು 'ಲಾ ದೊತ್ತಾ', ವಿದ್ಯಾವಂತೆ, 1088ರಿಂದ ಯೂನಿವರ್ಸಿಟಿ ಇರೋದಕ್ಕೆ. ಇನ್ನೊಂದು 'ಲಾ ಗ್ರಾಸ್ಸಾ', ತಿಂದು ದಪ್ಪ ಆದವಳು. ಓದೋದು ತಿನ್ನೋದು ಎರಡೂ ಊರಿನ ಹೆಸರಲ್ಲೇ ಇದೆ ದೊಡ್ಡಪ್ಪಾ, ನಂದೇನಿದೆ ಇದ್ರಲ್ಲಿ.

ಪಿಯಾಜ್ಜಾ ಮಜ್ಜೋರೆ ಪಕ್ಕದಲ್ಲಿ ಕ್ವಾದ್ರಿಲಾತೆರೋ ಅಂತ ಹಳೇ ಮಾರ್ಕೆಟ್ ಗಲ್ಲಿಗಳಿವೆ. ಅಲ್ಲಿ ಪಾಸ್ತಾ ಅಂಗಡಿ ಗಾಜಿನ ಹಿಂದೆ ಒಬ್ರು ವಯಸ್ಸಾದ ಹೆಂಗಸು ಹಿಟ್ಟು ಲಟ್ಟಿಸ್ತಿರ್ತಾರೆ. ಮೊಟ್ಟೆ ಹಾಕಿ ನಾದಿರೋ ಹಳದಿ ಹಿಟ್ಟು, ಲಟ್ಟಣಿಗೆ ಹತ್ರಹತ್ರ ಒಂದು ಮೀಟರ್ ಉದ್ದ. ಹಾಳೆಯ ಒಂದು ಅಂಚನ್ನ ಟೇಬಲ್ ಅಂಚಿಗೆ ಹೊಟ್ಟೆಯಿಂದಲೇ ಒತ್ತಿ ಹಿಡ್ಕೊಂಡು ಆ ಕಡೆಗೆ ಎಳೀತಾ ಲಟ್ಟಿಸ್ತಾರೆ. ಆಮೇಲೆ ಪುಟ್ಟ ಚೌಕ ಕತ್ತರಿಸಿ, ಚಿಟಿಕೆ ಹೂರಣ ಇಟ್ಟು, ತ್ರಿಕೋನ ಮಡಚಿ, ಬೆರಳ ತುದಿಗೆ ಸುತ್ತಿ ಒತ್ತಿದ್ರೆ ಒಂದು ತೊರ್ತೆಲ್ಲೀನಿ. ಹಬ್ಬಕ್ಕೆ ನಮ್ಮನೇಲಿ ಹೆಂಗಸ್ರು ಊರ ಸುದ್ದಿ ಮಾತಾಡ್ತಾ ಕೈ ಕಡೆ ನೋಡದೇ ಕರ್ಜಿಕಾಯಿ ಅಂಚು ಮಡಚ್ತಾರಲ್ಲ, ಥೇಟ್ ಅದೇ ಕೈ.

ಸಸ್ಯಾಹಾರಿಗಳಿಗೆ ಒಂದು ಮಾತು. ತೊರ್ತೆಲ್ಲೀನಿ ಒಳಗಿರೋದು ಹಂದಿ ಮಾಂಸ. ಅದ್ರ ದೊಡ್ಡಣ್ಣ ತೊರ್ತೆಲ್ಲೋನಿ ಕೇಳಿ, ಸಾಮಾನ್ಯವಾಗಿ ರಿಕೊತ್ತಾ ಚೀಸ್ ತುಂಬಿರ್ತಾರೆ, ಬೆಣ್ಣೆ, ಸೇಜ್ ಎಲೆ ಹಾಕಿ ಕೊಡ್ತಾರೆ, ಆದ್ರೂ ಕೇಳ್ಕೊಂಡೇ ತಿನ್ನಿ. ಹಿಟ್ಟಿಗೆ ಮೊಟ್ಟೆ ಅಂತೂ ಇದ್ದೇ ಇರುತ್ತೆ. ಪಿಯಾದೀನಾ ಅನ್ನೋ ಇಲ್ಲಿನ ರೊಟ್ಟಿ ನೋಡೋಕೆ ಚಪಾತಿ ಥರ ಇದೆ ಅಂತ ನಂಬಿ ಬಿಡ್ಬೇಡಿ, ಹಳೇ ಪದ್ಧತೀಲಿ ಹಂದಿ ಕೊಬ್ಬು ಹಾಕ್ತಾರೆ, ಆಲಿವ್ ಎಣ್ಣೇದು ಬೇಕು ಅಂದ್ರೆ ಸಿಗುತ್ತೆ. ಪರ್ಮೆಸಾನ್ ಚೀಸಿಗೆ ಹಾಲು ಒಡೆಸೋಕೆ ಬಳಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್. ಇದನ್ನ ನನ್ನ ರೂಮ್‌ಮೇಟಿಗೆ ಹೇಳಿದ ದಿನ, ಶಿರಸಿ ಕಡೆ ಹುಡುಗ ಪಾಪ, ಫ್ರಿಜ್ಜಲ್ಲಿದ್ದ ಅರ್ಧ ಕೆಜಿ ಚೀಸನ್ನ ನನಗೆ ದಾನ ಮಾಡ್ಬಿಟ್ಟ. ನಾನು ಬೇಡ ಅನ್ಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದ್ರೆ, ಕಾಫಿನ ಕೌಂಟರಲ್ಲಿ ನಿಂತು ಕುಡೀರಿ, ಕೂತ್ರೆ ಬಹಳ ಕಡೆ ರೇಟು ಏರುತ್ತೆ. ಇನ್ನು ಒಸ್ತೆರಿಯಾ ದೆಲ್ ಸೋಲೆ ಅಂತ 1465ರಿಂದ ಇರೋ ಒಂದು ವೈನ್ ಜಾಗ ಇದೆ, ಅಲ್ಲಿ ಊಟ ಕೊಡಲ್ಲ, ಕುಡಿಯೋಕೆ ತಗೊಳಿ, ತಿನ್ನೋಕೆ ನೀವೇ ತಗೊಂಡ್ ಬನ್ನಿ. ಎಲ್ರೂ ಪಕ್ಕದಂಗಡಿಯಿಂದ ಬ್ರೆಡ್ಡು, ಮೊರ್ತದೆಲ್ಲಾ ಅನ್ನೋ ಹಂದಿ ಮಾಂಸದ ಸಾಸೇಜ್ ಕಟ್ಟಿಸ್ಕೊಂಡ್ ಬರ್ತಾರೆ, ನಾವು ಡಬ್ಬೀಲಿ ಚಿತ್ರಾನ್ನ ತಗೊಂಡ್ ಹೋಗಿದ್ವಿ. ಪಕ್ಕದ ಟೇಬಲ್ ಅಜ್ಜ ಒಂದು ಚಮಚ ರುಚಿ ನೋಡಿ, ಕಡ್ಲೆಬೀಜ ಮಾತ್ರ ಆರಿಸ್ಕೊಂಡು ತಿಂದ್ರು.

ನೋಡೋಕಂತೂ ಬಹಳಷ್ಟು ಪುಕ್ಕಟೆ. ಊರಿಡೀ ಪೋರ್ಟಿಕೋ, ಅಂದ್ರೆ ಕಂಬದ ಸಾಲಿನ ಮುಚ್ಚಿದ ಜಗಲಿ, ಎಲ್ಲ ಸೇರಿಸಿದ್ರೆ ಸುಮಾರು 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಮಳೇಲಿ ಛತ್ರಿ ಇಲ್ದೇ ಕಾಲೇಜಿಗೆ ಹೋಗ್ಬಹುದು ಅನ್ನೋದು ನನಗೆ ಯುನೆಸ್ಕೋಗಿಂತ ಮುಖ್ಯ. ಅದ್ರಲ್ಲಿ ಒಂದು ಸಾಲು ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚ್ ತನಕ ಹತ್ತುತ್ತೆ, 666 ಕಮಾನು, ಕೊನೆ ಭಾಗ ಏದುಸಿರು. ಅಲ್ಲಿರೋ ಮಾತೆ ಮೇರಿ ಚಿತ್ರನ 1433ರಲ್ಲಿ ಮಳೆ ನಿಲ್ತಾನೇ ಇಲ್ಲ ಅಂತ ಊರಿಗೆ ಮೆರವಣಿಗೇಲಿ ಇಳಿಸಿದ್ರಂತೆ, ಮಳೆ ನಿಲ್ತಂತೆ, ಇವತ್ತಿಗೂ ವರ್ಷಾವರ್ಷ ಇಳಿಸ್ತಾರೆ. ನಮ್ಮ ಕಡೆ ಮಳೆ ಬರ್ಲಿ ಅಂತ ಕತ್ತೆ ಮದುವೆ ಮಾಡಿಸ್ತೀವಿ, ಇವ್ರಿಗೆ ನಿಂತ್ರೆ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟ ಸಾನ್ ಪೆತ್ರೋನಿಯೋ ಚರ್ಚಿನ ಒಳಗಿರೋ ಗೆರೆ. 1655ರಲ್ಲಿ ಕಸೀನಿ, ಶನಿಗ್ರಹದ ಉಂಗುರದ ಮಧ್ಯೆ ಗ್ಯಾಪ್ ಕಂಡುಹಿಡಿದ್ನಲ್ಲ ಅದೇ ಕಸೀನಿ, ಮೇಲೆ ಚಾವಣೀಲಿ ಒಂದು ತೂತು ಬಿಟ್ಟು ಕೆಳಗೆ ನೆಲದಲ್ಲಿ ಸುಮಾರು 67 ಮೀಟರ್ ಉದ್ದದ ಗೆರೆ ಎಳೆಸಿದ. ಸೂರ್ಯ ನಡುನೆತ್ತಿಗೆ ಬಂದಾಗ ಬಿಸಿಲಿನ ಬಿಲ್ಲೆ ಆ ಗೆರೆ ದಾಟುತ್ತೆ, ಬೇಸಿಗೇಲಾದ್ರೆ ತೂತಿನ ಹತ್ರ, ಚಳಿಗಾಲದಲ್ಲಿ ದೂರದ ತುದೀಲಿ. ಗಡಿಯಾರ ನೋಡಿ ಹನ್ನೆರಡಕ್ಕೆ ಹೋದ್ರೆ ಬೇಸಿಗೇಲಿ ಒಂದು ಗಂಟೆ ಮೇಲೇ ಕಾಯ್ಬೇಕು. ಕಾದು ನೋಡಿ, ಬಿಲ್ಲೆ ಜರುಗೋದು ಕಣ್ಣಿಗೇ ಕಾಣುತ್ತೆ. ನಾಲ್ಕು ದಿನಕ್ಕೆ ಮೂರು ದೇಶ ಅನ್ನೋರಿಗೆ ಇದಕ್ಕೆಲ್ಲ ಟೈಮಿರಲ್ಲ ಬಿಡಿ.

ಅಸಿನೆಲ್ಲಿ ಗೋಪುರ ಹತ್ತಿದ್ಯಾ ಅಂತ ಕೇಳ್ಬೇಡಿ. ಡಿಗ್ರಿ ಮುಗಿಯೋ ಮುಂಚೆ ಅದ್ರ 498 ಮೆಟ್ಲು ಹತ್ತಿದ್ರೆ ಪಾಸಾಗಲ್ಲ ಅಂತ ಇಲ್ಲಿ ಸ್ಟೂಡೆಂಟ್ಸ್ ನಂಬ್ತಾರೆ. ಪಕ್ಕದ ವಾಲಿರೋ ಗೋಪುರದ ಭಯಕ್ಕೆ 2023ರಲ್ಲಿ ಇದನ್ನೂ ಮುಚ್ಚಿದ್ರು, ಹಾಗಾಗಿ ಸದ್ಯಕ್ಕೆ ನಾನು ಸೇಫ್.

ಸೆಪ್ಟೆಂಬರಿಗೆ ಬರೋರು ಇನ್‌ಬಾಕ್ಸ್ ಮಾಡಿ. ರೂಮ್ ಹುಡುಕಿಕೊಡಿ ಅಂತ ಮಾತ್ರ ಕೇಳ್ಬೇಡಿ, ಈ ಊರಲ್ಲಿ ಅದು ನನ್ನ ಕೈಲಿ ಆಗೋ ಕೆಲ್ಸ ಅಲ್ಲ. ಊಟಕ್ಕೆ ಬೇಕಾದ್ರೆ ಕರ್ಕೊಂಡ್ ಹೋಗ್ತೀನಿ, ಬಿಲ್ ನಿಮ್ದು.